ಕೀಲಿ ನಿಮ್ಮ ಕಡೆನೇ ಐತಿ

"ಈ ಡಿಸ್ಕ್ ಒಂದಿನ ಸಾಯ್ತೈತ್ರಿ. ಅವತ್ತು ನಿಮ್ಮ ಅಂಗಡಿನೂ ಸಾಯ್ತೈತಿ."

ಮೂವರು ಗಿರಾಕಿಗಳು ಕೂತಿದ್ದರು. ಅವರ ಎದುರಿಗೇ ಆ ಮಾತು!

ಪದ್ಮಶ್ರೀಯ ಕಿವಿ ಬಿಸಿಯಾಯಿತು. ಗಂಗಾನಗರದ ಈ ಪುಟ್ಟ ಫೋಟೊ ಸ್ಟುಡಿಯೋವನ್ನು ಅವಳು ಆರು ವರ್ಷ ಒಬ್ಬಳೇ ನಿಂತು ಕಟ್ಟಿದ್ದಳು. ಮದುವೆ ಫೋಟೊ ಎಂದರೆ ಆ ಸುತ್ತಿನಲ್ಲಿ ಅವಳದೇ ಹೆಸರು. ಈಗ ಫೋಟೊಗಳೆಲ್ಲ ಇದ್ದ ಕಂಪ್ಯೂಟರ್ ನೋಡಲೆಂದು ಸೋದರಮಾವ ಸುಬ್ರಮಣಿ ಕಳಿಸಿದ ಯಾರೋ ಸಂಗಮೇಶ ಬಂದು, ನೀರು ಕೂಡ ಕುಡಿಯದೆ ಅಂಗಡಿ ಸಾಯುತ್ತದೆ ಅನ್ನುತ್ತಿದ್ದಾನೆ.

ಬಾಗಲಕೋಟೆ ಕಡೆಯವನು. ಯಲಹಂಕದ ಒಂದು ಕಾಲೇಜಿನಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದ.

"ಬಾಯಿ ತೊಳ್ಕೊಂಡು ಬಂದು ಕೆಲಸ ಮಾಡಿ" ಎಂದಳು.

ಅವನು ನಗಲಿಲ್ಲ, ಕೆಲಸ ಮಾಡಿದ. ಅಮೃತಹಳ್ಳಿಯ ಅವಳ ಮನೆಯಲ್ಲಿ, ದೇವರ ಕೋಣೆಯ ಪಕ್ಕ, ಒಂದು ಹಳೆಯ ಕಂಪ್ಯೂಟರ್ ಇಟ್ಟ. ಮೊದಲು ಎಲ್ಲ ಫೋಟೊಗಳ ಒಂದು ಪ್ರತಿಯನ್ನು ಅದಕ್ಕೆ ತುಂಬಿದ. ಆಮೇಲೆ ಪ್ರತಿದಿನ ಸ್ಟುಡಿಯೋದಲ್ಲಿ ಹೊಸದಾಗಿ ಸೇರಿದ್ದಷ್ಟೇ ಇಂಟರ್ನೆಟ್ಟಿನಲ್ಲಿ ಮನೆಗೆ ಹೋಗುವಂತೆ ಮಾಡಿದ. ಸ್ಟುಡಿಯೋದಿಂದ ಹೊರಡುವ ಮೊದಲೇ ಪ್ರತಿ ಫೋಟೊಗೂ ಬೀಗ ಬೀಳುತ್ತಿತ್ತು, ಪಾಸ್‌ವರ್ಡ್ ಇಲ್ಲದೆ ಯಾರಿಗೂ ತೆರೆಯುತ್ತಿರಲಿಲ್ಲ.

"ಪಾಸ್‌ವರ್ಡ್ ನೀವ ಹಾಕ್ರಿ. ಉದ್ದ ಇರ್ಲಿ. ನಿಮಗ ಮರೀಬಾರ್ದು, ಮತ್ತೊಬ್ಬರಿಗೆ ಹೊಳೀಬಾರ್ದು" ಎಂದು ಹೇಳಿ ಗೋಡೆಯ ಕಡೆ ತಿರುಗಿ ನಿಂತ.

ಅವಳು ಅವನ ಬೆನ್ನನ್ನೇ ದುರುಗುಟ್ಟಿ ನೋಡುತ್ತ, ಕೀಲಿಗಳನ್ನು ಕುಟ್ಟಿ ಕುಟ್ಟಿ ಹೊಡೆದಳು.

ಅದಾದ ಮೇಲೆ ಭಾನುವಾರಕ್ಕೊಮ್ಮೆ ಬಂದು ಎಲ್ಲ ಸರಿಯಿದೆಯೇ ಎಂದು ನೋಡಿ ಹೋಗುತ್ತಿದ್ದ. ಮೊದಲ ವಾರ ಚಹಾ ಬೇಡ ಎಂದ. ನಾಲ್ಕನೆಯ ವಾರ ಅವಳು ಕೇಳದೆಯೇ ತರಿಸಿದಳು. ಎಂಟನೆಯ ವಾರ ಅವನು ಬರುವುದು ಅರ್ಧ ಗಂಟೆ ತಡವಾಯಿತು. ಅವಳು ಒಂದೇ ಆಲ್ಬಮ್ಮಿನ ಪುಟಗಳನ್ನು ಮೂರು ಸಲ ಹಿಂದುಮುಂದು ಮಾಡಿದ್ದಳು.

*ಇದೇನಾಗ್ತಿದೆ ನನಗೆ...*

ಆಯುಧಪೂಜೆಗೆ ಅವಳೇ ಬಾಯಿಬಿಟ್ಟು ಕರೆದಳು. ಅವನಿಗೆಂದು ಎಲೆ ಹಾಕಿ, ಹೋಳಿಗೆ ಮುಚ್ಚಿಟ್ಟು ಸಂಜೆಯವರೆಗೂ ಕಾದಳು. ಅವನು ಬರಲಿಲ್ಲ. ಅವ್ವ ಮುನಿಯಲ್ಲಮ್ಮ, "ಬರೋರಿಗೆ ದಾರಿ ಗೊತ್ತಿರ್ತದೆ ಬಿಡವ್ವಾ" ಎಂದು ಹೋಳಿಗೆಯನ್ನು ಪಕ್ಕದ ಮನೆಗೆ ಕೊಟ್ಟು ಬಂದಳು.

ಮರುದಿನ ಅವನ ಸಂದೇಶ ಬಂತು. ಅವಳ ಎದೆ ಹಾರಿತು. ತೆರೆದು ನೋಡಿದರೆ...

'ಮನೆ ಮಷಿನ್ ನಿನ್ನೆಯಿಂದ ಉತ್ತರ ಕೊಡುತ್ತಿಲ್ಲ. ನೋಡಿ.'

ಅಷ್ಟೇ. ಬರಲಾಗಲಿಲ್ಲ ಎಂದಿಲ್ಲ, ಊಟ ಹೇಗಿತ್ತು ಎಂದಿಲ್ಲ. ಕಾದು ಕೂತ ಹೆಣ್ಣಿನ ಕ್ಷೇಮ ಕೇಳದೆ ಮಷಿನ್ನಿನ ಕ್ಷೇಮ ಕೇಳುವ ಗಂಡಸು!

'ನನ್ನ ಮನೆ ವಿಷಯ ನನಗೆ ಬಿಡಿ' ಎಂದು ಬರೆದು ಅವನ ನಂಬರನ್ನೇ ಬ್ಲಾಕ್ ಮಾಡಿದಳು. ಸಿಟ್ಟಿನಲ್ಲಿ ಮಷಿನ್ನನ್ನು ನೋಡಲೂ ಇಲ್ಲ. ಅವನ ಮೇಲಿನ ಕೋಪಕ್ಕೆ ಅವನಿಟ್ಟ ಡಬ್ಬ ಏನು ಮಾಡೀತು ಎಂದು ಯೋಚಿಸುವಷ್ಟು ತಾಳ್ಮೆ ಆ ದಿನ ಅವಳಿಗಿರಲಿಲ್ಲ.

ಮೂರು ವಾರ ಕಳೆಯಿತು. ಒಂದು ಬೆಳಿಗ್ಗೆ ಸ್ಟುಡಿಯೋದ ಡಿಸ್ಕ್ ಟಿಕ್ ಟಿಕ್ ಎಂದು ಸದ್ದು ಮಾಡಿ ನಿಂತುಹೋಯಿತು.

ಅದೇ ಹೊತ್ತಿಗೆ ತಾಹೆರಾ ಬಂದಳು. ಹತ್ತು ದಿನದ ಹಿಂದಷ್ಟೇ ಪದ್ಮಶ್ರೀ ಅವಳ ಮದುವೆಯ ಫೋಟೊ ತೆಗೆದಿದ್ದಳು. ಮೊನ್ನೆ ಅವಳ ಅಪ್ಪ ಅಕ್ಬರ್ ಪಾಷಾ ಎದೆನೋವಿನಿಂದ ತೀರಿಕೊಂಡಿದ್ದರು. ಅಪ್ಪನಿಗೆ ಫೋಟೊ ಎಂದರೆ ಆಗುತ್ತಿರಲಿಲ್ಲವಂತೆ, ಮಗಳ ಮದುವೆಯ ದಿನ ಮಾತ್ರ ನಿಂತು ನಕ್ಕಿದ್ದರಂತೆ.

"ಆಲ್ಬಮ್ ನಿಧಾನಕ್ಕೆ ಮಾಡಿ ಅಕ್ಕ. ಅಬ್ಬಾದು ಒಂದೇ ಒಂದು ಫೋಟೊ ಈಗ ಕೊಡಿ."

ಸಂಜೆ ಕೊಡುತ್ತೇನೆ ಎಂದಳು ಪದ್ಮಶ್ರೀ. ಹೇಗೂ ಮನೆಯಲ್ಲಿ ಪ್ರತಿ ಇದೆಯಲ್ಲ. ತಮ್ಮ ವಾಸುವಿಗೆ ಫೋನ್ ಮಾಡಿ ಮಷಿನ್ ನೋಡಲು ಹೇಳಿದಳು. ಅವನು ಫೈಲುಗಳ ದಿನಾಂಕ ನೋಡಿ, ಆಯುಧಪೂಜೆಯ ಹಿಂದಿನ ದಿನದವರೆಗೆ ಮಾತ್ರ ಇದೆ, ಆಮೇಲೆ ಏನೂ ಇಲ್ಲ ಎಂದ. ಮಷಿನ್ ಆಫ್ ಆಗಿತ್ತು, ತಾನೇ ಆನ್ ಮಾಡಿದೆ ಎಂಬುದನ್ನು ಹೇಳಲಿಲ್ಲ. ಅದೇನು ಹೇಳುವಂಥ ಮಾತೇ ಅಂದುಕೊಂಡಿದ್ದ.

ಪದ್ಮಶ್ರೀ ಸ್ಕೂಟರ್ ಹತ್ತಿದಳು. ಹೆಬ್ಬಾಳದ ಸೇತುವೆಯ ಮೇಲೆ ಅವಳು ಹಾಕಿದ ಹಾರನ್ ಯಲಹಂಕದವರೆಗೂ ಕೇಳಿರಬೇಕು.

ಕಾಲೇಜಿನ ಲ್ಯಾಬಿನಲ್ಲಿ ಸಂಗಮೇಶ ಒಬ್ಬನೇ ಇದ್ದ. ಅವಳು ಬಾಗಿಲಲ್ಲೇ ಶುರುಮಾಡಿದಳು. ಅರ್ಧಂಬರ್ಧ ಕೆಲಸ ಮಾಡಿದ್ದೀರಿ, ನಂಬಿಸಿ ಕೈಬಿಟ್ಟಿದ್ದೀರಿ, ಅಪ್ಪನನ್ನು ಕಳಕೊಂಡ ಹುಡುಗಿಗೆ ಏನು ಹೇಳಲಿ ಎಂದು ಒಂದೇ ಉಸಿರಿಗೆ ಕೇಳಿದಳು.

ಅವನ ಮುಖ ಕೆಂಪಾಯಿತು. ಅವನು ದನಿ ಎತ್ತಿದ್ದನ್ನು ಅವಳು ಕೇಳಿದ್ದು ಅದೇ ಮೊದಲು.

"ನಿಮ್ಮ ಮನಿ ಮಷಿನ್ ಮೂರು ವಾರದಿಂದ ಬಂದ್ ಐತಿ. ಹೇಳಿದ್ದಕ್ಕ ನಂಬರ್ ಬ್ಲಾಕ್ ಮಾಡಿದ್ರಿ. ಈಗ ನನ್ನ ಬೈತೀರಿ? ಮನಿಗೆ ಫೋನ್ ಹಚ್ಚಿ ಕೇಳ್ರಿ."

ಹಚ್ಚಿದಳು, ಮಷಿನ್ ಆರಿಸಿದ್ದು ಯಾರು ಎಂದು ರೇಗಿದಳು. ಸ್ಪೀಕರಿನಲ್ಲಿ ಮುನಿಯಲ್ಲಮ್ಮನ ದನಿ ಲ್ಯಾಬನ್ನೆಲ್ಲ ತುಂಬಿತು.

"ಊಂ ಕಣವ್ವಾ, ನಾನೇ ಆರಿಸ್ದೆ. ಕುಂಕುಮ ಇಟ್ಟು ಊವ ಮುಡಿಸಿದ ಆಯುಧವ ಅವತ್ತು ದುಡಿಸ್ಬಾರ್ದು. ಆಮೇಲೆ ಆಕ್ಬೇಕು ಅಂತ ನಂಗ್ಯಾರು ಏಳಿದ್ರು? ಇಂಗೆ ಬಯ್ಯೋದಾದ್ರೆ ಮೊದಲೇ ಏಳ್ಬೇಕಿತ್ತು."

ಪದ್ಮಶ್ರೀ ಫೋನ್ ಇಟ್ಟಳು. ಕೋಪಕ್ಕೆ ನಿಲ್ಲಲು ಜಾಗವೇ ಉಳಿಯಲಿಲ್ಲ. ಅವ್ವ ತಪ್ಪು ಮಾಡಿರಲಿಲ್ಲ. ಮಷಿನ್ ಸದಾ ಓಡುತ್ತಿರಬೇಕು ಎಂದು ಅವ್ವನಿಗೆ ಹೇಳದಿದ್ದವಳು ತಾನೇ.

"ಹಾಗಾದ್ರೆ ಹೋಯ್ತು..." ಎಂದಳು ಮೆಲ್ಲಗೆ.

"ಹೋಗಿಲ್ರಿ." ಅವನು ತಲೆ ತಗ್ಗಿಸಿದ. "ನಿಮ್ಮ ಮನಿ ಉತ್ತರ ಕೊಡ್ಲಿಲ್ಲ. ಅದಕ್ಕ ಇಲ್ಲಿಂದನ ಇಂಟರ್ನೆಟ್ಟಿನಾಗ ಅಂಗಡಿ ಕಂಪ್ಯೂಟರಿಗೆ ಹೊಕ್ಕು, ನನ್ನ ರೂಮಿನ ಮಷಿನ್ನಿಗೆ ದಾರಿ ತಿರುಗಿಸೀನಿ. ಮೂರು ವಾರದ್ದೆಲ್ಲ ಅಲ್ಲೈತಿ."

ಅವಳಿಗೆ ಜೀವ ಬಂತು. ಜೀವದ ಜೊತೆ ಸಿಟ್ಟೂ ಬಂತು.

"ಯಾರನ್ನ ಕೇಳಿ? ನನ್ನ ನಂಬಿ ಫೋಟೊ ತೆಗೆಸಿಕೊಂಡ ಹೆಣ್ಮಕ್ಕಳು ಅವರು. ಅವರ ಫೋಟೊ ನಿಮ್ಮ ರೂಮಿಗೆ ಹೋಗುತ್ತೆ ಅಂದ್ರೆ ನಾನು ಯಾರಿಗೆ ಮುಖ ತೋರಿಸ್ಲಿ?"

"ತಪ್ಪ ಮಾಡೀನ್ರಿ. ಅಂಗಡಿಗೇ ಬಂದು ಹೇಳ್ಬೇಕಿತ್ತು. ಮತ್ತ ನಾಕು ಮಂದಿ ಮುಂದ ಬೈಸ್ಕೊಳ್ಳಾಕ ಮನಸ್ಸಾಗ್ಲಿಲ್ಲ." ತಲೆ ಎತ್ತಿ ಅವಳನ್ನು ನೋಡಿದ. "ಆದ್ರ ಒಂದೂ ನೋಡಿಲ್ಲ. ನೋಡ್ತೀನಂದ್ರೂ ಬರೂದಿಲ್ಲ. ಕೀಲಿ ನಿಮ್ಮ ಕಡೆನೇ ಐತಿ."

ತೆರೆಯಲಾಗದ ಪೆಟ್ಟಿಗೆಯನ್ನು, ಮುಖ ಕೊಟ್ಟು ಮಾತಾಡದವಳಿಗಾಗಿ, ಮೂರು ವಾರ ಕಾದಿದ್ದ ಇವನು.

"ಪೂಜೆಗೆ ಯಾಕೆ ಬರ್ಲಿಲ್ಲ?" ಎಂದು ಕೇಳಿಯೇ ಬಿಟ್ಟಳು.

ಅವತ್ತು ಕಾಲೇಜಿನ ವೈರಿಂಗ್ ಸುಟ್ಟಿತ್ತಂತೆ. ಸಂದೇಶದಲ್ಲಿ ಕ್ಷಮೆ ಕೇಳಬೇಕೆಂದು ಐದು ಸಲ ಬರೆದು ಅಳಿಸಿದ್ದನಂತೆ. ಕೊನೆಗೆ ಬರೆಯಲು ಧೈರ್ಯ ಬಂದದ್ದು ಮಷಿನ್ನಿನ ಸಾಲು ಒಂದೇ.

ಮಧ್ಯಾಹ್ನ ಅವನು ತನ್ನ ಮಷಿನ್ನನ್ನು ಬೈಕಿಗೆ ಕಟ್ಟಿಕೊಂಡು ಗಂಗಾನಗರಕ್ಕೆ ಬಂದ. ಹೊಸ ಡಿಸ್ಕ್ ಹಾಕಿ, ಪಾಸ್‌ವರ್ಡ್ ಕೇಳುವಲ್ಲಿಗೆ ತಂದು ನಿಲ್ಲಿಸಿ, ಮೊದಲ ದಿನದ ಹಾಗೆಯೇ ಗೋಡೆಯ ಕಡೆ ತಿರುಗಿದ.

ಅವಳು ಬರೆದಳು. ಬೀಗ ತೆರೆಯಿತು. ಒಂದೊಂದಾಗಿ ಫೋಟೊಗಳು ಬಂದವು. ನೂರ ಎಪ್ಪತ್ತನೆಯದರಲ್ಲಿ ಅಕ್ಬರ್ ಪಾಷಾ ಮಗಳ ತಲೆಯ ಮೇಲೆ ಕೈಯಿಟ್ಟು, ಬಾಯ್ತುಂಬ ನಗುತ್ತಿದ್ದರು.

ತಾಹೆರಾ ಆ ಫೋಟೊವನ್ನು ಎದೆಗೊತ್ತಿಕೊಂಡು ಹೋದ ಮೇಲೆ ಅಂಗಡಿಯಲ್ಲಿ ಇಬ್ಬರೇ ಉಳಿದರು.

"ಪಾಸ್‌ವರ್ಡ್ ಏನು ಗೊತ್ತಾ?" ಎಂದಳು.

"ನನಗ ಹೇಳಬ್ಯಾಡ್ರಿ."

"ಅಹಂಕಾರಿ ಸಂಗಮೇಶ ಮತ್ತೆ ಈ ಕಡೆ ತಲೆ ಹಾಕಬಾರದು. ಅದೇ ಪಾಸ್‌ವರ್ಡು."

ಅವನ ಮೀಸೆಯಲ್ಲಿ ನಗು ಸಿಕ್ಕಿಕೊಂಡಿತು.

"ಬದಲ್ ಮಾಡ್ರಿ ಅದನ್ನ."

"ಯಾಕೆ, ಸುಳ್ಳಾ?"

"ಖರೇನೇ ಇರಬಹುದು. ಆದ್ರ ಈಗ ನನಗೂ ಗೊತ್ತಾತಲ್ರಿ." ಮತ್ತೆ ಗೋಡೆಯ ಕಡೆ ತಿರುಗಿದ. "ಹೊಸಾದು ಹಾಕ್ರಿ."

ಪದ್ಮಶ್ರೀ ಕೀಲಿಗಳ ಮೇಲೆ ಬೆರಳಿಟ್ಟಳು. ಈ ಸಲ ಕುಟ್ಟಲಿಲ್ಲ.

"ಸಂಗಮೇಶ..."

"ಏನ್ರಿ?"

"ಈ ಸಲ ತಿರುಗಿ ನಿಲ್ಲಬೇಡಿ. ಬಂದು ನೋಡಿ, ಏನು ಬರೀತೀನಿ ಅಂತ."