ಅಂಚೆದ್ದ ಮೇಪಲ್ ಹಲಗೆಗಳು

"ಐಲಿ ಅತ್ತೆ ಇದ್ದಾರಾ, ಮಾಮ?"

ಬಾಗಿಲಲ್ಲಿ ನಿಂತಿದ್ದವನು ನೆಲ ಹಾಸುವ ರೇನೋ. ಉರ್ಹೋ ಕದವನ್ನು ಅರ್ಧವೇ ತೆರೆದ. ಜೀವಮಾನವಿಡೀ ಮರಗೆಲಸ ಮಾಡಿದವನು ತಾನು; ಸುಪೀರಿಯರ್ ಸರೋವರದ ದಂಡೆಯ ಈ ಫಿನ್ನಿಶ್ ಹಳ್ಳಿಯಲ್ಲಿ ಹಲಗೆ ಕೆಟ್ಟರೂ ಕಾರಣ ಹುಡುಕಲು ಜನಕ್ಕೆ ಬೇಕಾದದ್ದು ತನ್ನ ಹೆಂಡತಿ ಐಲಿಯೇ.

"ಚರ್ಚಿನ ಹೊಸ ಸಭಾಭವನಕ್ಕೆ ನಾನು ಹಾಸಿದ ಮೇಪಲ್ ನೆಲ ಎದ್ದುಬಿಟ್ಟಿದೆ ಅತ್ತೆ," ಎಂದ ರೇನೋ, ಒಳಗಿಂದ ಬಂದ ಐಲಿಗೆ. "ಭಾನುವಾರ ಪ್ರಾರಂಭೋತ್ಸವ. ಇನ್ಮೇಲೆ ನಿನ್ನ ಕೈಲಿ ಇಲ್ಲಿ ಒಂದು ಮೊಳೇನೂ ಹೊಡೆಸಲ್ಲ ಅಂದ್ರು ಪಾದ್ರಿಗಳು. ಆಮೇಲೆ ನನ್ನನ್ನ ಮನೆಯೊಳಗೆ ಯಾರು ಬಿಟ್ಕೊಳ್ತಾರೆ?"

"ಅಡಿಯ ಕಾಂಕ್ರೀಟು ಹಸಿಯಿತ್ತಾ?" ಐಲಿ ಬಾಯಿ ತೆರೆಯುವ ಮೊದಲೇ ಉರ್ಹೋ ಕೇಳಿದ.

"ಪರೀಕ್ಷೆ ಮಾಡಿದ್ದೆ ಮಾಮ. ಪ್ಲಾಸ್ಟಿಕ್ ಹಾಳೆ ಹಾಸಿ ಸುತ್ತ ಟೇಪು ಅಂಟಿಸಿ ಬಿಟ್ಟಿದ್ದೆ. ಹಸಿಯಿದ್ರೆ ಹಾಳೆ ಕೆಳಗೆ ಹನಿ ಕಟ್ಟಬೇಕು. ಮಾರನೇ ದಿನ ನೋಡಿದ್ರೆ ಒಣಗಿತ್ತು."

ಮೂವರೂ ಭವನಕ್ಕೆ ಹೋದರು. ಉರ್ಹೋ ಎಲ್ಲರಿಗಿಂತ ಮೊದಲು ಮಂಡಿಯೂರಿದ. "ಕಸ ಗುಡಿಸೋ ಸುಲೋ ಬಕೆಟ್ ಉರುಳಿಸಿರ್ತಾನೆ."

"ಮೇಲಿಂದ ನೀರು ಕುಡಿದಿದ್ರೆ ಹಲಗೆಯ ನಡು ಉಬ್ಬಬೇಕಿತ್ತಲ್ರೀ," ಎಂದಳು ಐಲಿ ಮೆಲ್ಲಗೆ. "ಇಲ್ಲಿ ಅಂಚು ಎದ್ದು ನಡು ತಗ್ಗಿದೆ. ನೀರು ಕೆಳಗಿಂದ ಬಂದಿದೆ."

ಅದು ಉರ್ಹೋನಿಗೂ ಗೊತ್ತಿದ್ದದ್ದೇ. ಗೊತ್ತಿದ್ದದ್ದನ್ನು ಅವಳ ಬಾಯಲ್ಲಿ ಕೇಳಬೇಕಾಯಿತಲ್ಲ ಎಂದು ಅವನ ಕಿವಿ ಬಿಸಿಯಾಯಿತು. ದೇವರೇ, ಈ ವಯಸ್ಸಿನಲ್ಲಿ ಇದೆಂಥ ಉರಿ ಕೊಟ್ಟೆ ಎಂದುಕೊಂಡ.

ಪರೀಕ್ಷೆಯ ಹಾಳೆ ಇನ್ನೂ ರೇನೋನ ಗಾಡಿಯಲ್ಲೇ ಬಿದ್ದಿತ್ತು. ಮೂರು ಬದಿಯ ಟೇಪಿನ ತುದಿ ಚಾಕುವಿನಲ್ಲಿ ಕತ್ತರಿಸಿದಂತೆ ನೇರ. ನಾಲ್ಕನೆಯ ಬದಿಯಲ್ಲಿ ಹಳೆಯ ಟೇಪಿನ ಮೇಲೆ ಹೊಸದೊಂದು ಪಟ್ಟಿ. ಅದರ ತುದಿಯನ್ನು ಯಾರೋ ಕಿವಿಯಂತೆ ಒಳಕ್ಕೆ ಮಡಚಿದ್ದರು.

"ಇದು ನಿಂದೇನಾ?" ಐಲಿ ಆ ಮಡಿಕೆ ತೋರಿಸಿ ಕೇಳಿದಳು.

"ನಾನು ಮಡಚಲ್ಲ ಅತ್ತೆ. ಚಾಕು ಸದಾ ಜೇಬಲ್ಲೇ ಇರುತ್ತೆ."

ಹಾಳೆ ಹಾಸಿದ್ದ ದಿನ ಭವನದ ಬೀಗದ ಕೈ ಇದ್ದದ್ದು ಮತ್ತಿಬ್ಬರ ಬಳಿ: ಸುಲೋ, ಮತ್ತು ರೇನೋನ ಅಣ್ಣ ಆರ್ವೋ. ಚರ್ಚಿನ ಬಲಿಪೀಠದ ಮುಂದಿನ ನೆಲ ಹಾಸಿದ್ದವನು ಆರ್ವೋ. ತಮ್ಮನಿಗೆ ಕೆಲಸ ಕಲಿಸಿದವನೂ ಅವನೇ.

ಶನಿವಾರ ಐಲಿ ಪಾದ್ರಿಗಳೂ ಸೇರಿದಂತೆ ಎಲ್ಲರನ್ನೂ ಭವನಕ್ಕೆ ಕರೆದಳು. ಕಾಫಿ, ಏಲಕ್ಕಿ ಬ್ರೆಡ್ಡು ಮುಗಿದ ಮೇಲೆ ಒಂದು ಹಾಳೆ, ಟೇಪಿನ ಸುರುಳಿ ತೆಗೆದಳು. "ಸುಲೋ, ಇದನ್ನ ಇಲ್ಲಿ ಅಂಟಿಸಪ್ಪ."

ಸುಲೋ ಹಲ್ಲಿನಿಂದ ಟೇಪು ಹರಿದು ಒಂದು ಬದಿ ಅಂಟಿಸಿದ. "ಇದೇನತ್ತೆ, ನನಗೂ ಪಾಠಾನಾ?"

"ಇನ್ನೊಂದು ಬದಿ ನೀನು, ಆರ್ವೋ."

ಆರ್ವೋ ಬಗ್ಗಿ ಅಂಟಿಸಿದ. ಅವನ ಹೆಬ್ಬೆರಳು ತಾನಾಗಿಯೇ ಟೇಪಿನ ತುದಿಯನ್ನು ಒಳಕ್ಕೆ ಮಡಚಿತು. ಮಡಚಿದ ಮೇಲೆ ಅವನು ಕೈ ತೆಗೆಯಲಿಲ್ಲ.

"ಕಾಂಕ್ರೀಟು ಹಸಿಯಿತ್ತು, ಪಾದ್ರಿಗಳೇ," ಎಂದಳು ಐಲಿ. "ಎದ್ದ ಅಂಚೇ ಅದಕ್ಕೆ ಸಾಕ್ಷಿ. ಹಾಳೆ ಕೆಳಗೆ ಹನಿ ಕಟ್ಟಿತ್ತು. ರೇನೋ ನೋಡೋ ಮೊದಲು ಯಾರೋ ಒಂದು ಬದಿ ಬಿಚ್ಚಿ ಒರೆಸಿದ್ರು. ಧೂಳು ಹತ್ತಿದ ಟೇಪು ಮತ್ತೆ ಹಿಡಿಯಲಿಲ್ಲ, ಅದಕ್ಕೇ ಮೇಲೆ ಹೊಸದು ಅಂಟಿಸಿದ್ರು. ಸಲೀಸಾಗಿ ಬಿಚ್ಚೋಕೆ ತುದಿ ಮಡಚೋದು ಕೈಗೆ ಹತ್ತಿದ ರೂಢಿ. ಆ ಕೈ ಯಾವುದು ಅಂತ ಈಗ ಎಲ್ಲರೂ ನೋಡಿದ್ರಿ."

"ಬಲಿಪೀಠದ ಮುಂದೆ ನಾನು ಹಾಸಿದ ನೆಲದ ಮೇಲೇ ನಿಂತ್ಕೊಂಡು," ಎಂದ ಆರ್ವೋ, ತಲೆಯೆತ್ತದೆ, "ಪಾದ್ರಿಗಳು ಪ್ರತಿ ಭಾನುವಾರ ಇವನ ಕೈಗುಣ ಹೊಗಳೋರು. ನನ್ನ ಹೆಸರು ಒಂದು ದಿನಾನೂ ಬರಲಿಲ್ಲ. ಒಂದು ಸಲ ಇವನು ಸೋಲಲಿ ಅನ್ನಿಸ್ತು. ಒಂದೇ ಸಲ."

ಪಾದ್ರಿಯ ಮುಖ ಕೆಂಪಾಯಿತು. ಉರ್ಹೋ ತನ್ನ ಬೂಟುಗಳನ್ನೇ ನೋಡುತ್ತ ಕುಳಿತ; ಆ ಮಾತಿನ ರುಚಿ ಅವನ ನಾಲಿಗೆಗೆ ಹೊಸದಾಗಿರಲಿಲ್ಲ.

"ತಪ್ಪು ನಿನ್ನದಲ್ಲ ರೇನೋ, ಅವಸರದಲ್ಲಿ ಅಂದುಬಿಟ್ಟೆ," ಎಂದರು ಪಾದ್ರಿ. "ಕಾಂಕ್ರೀಟು ಒಣಗೋವರೆಗೂ ಉತ್ಸವ ಮುಂದಕ್ಕೆ ಹೋಗಲಿ. ಆಮೇಲೆ ನೆಲ ಹಾಸೋರು ಯಾರು?"

ರೇನೋ ಹಲಗೆಯ ಎದ್ದ ಅಂಚಿನ ಮೇಲೆ ಬೆರಳಾಡಿಸಿದ. ಅಣ್ಣನ ಕಡೆ ನೋಡಲಿಲ್ಲ.

"ಹಾಸೋದು ನಾನು," ಎಂದ. "ಕೀಳೋದು ಅವನು."

ಆರ್ವೋ ಕೋಟು ಕಳಚಿ ಕುರ್ಚಿಯ ಮೇಲಿಟ್ಟು, ಹಾರೆ ತರಲು ಹೊರಟ.