ಬೆಸುಗೆಯೊಳಗಿನ ಬಿರುಕು

“ಇದನ್ನ ಕೊಯ್ದವ್ರು ಯಾರು?”

ಕಾಲೇಜಿನ ಪ್ರಯೋಗಾಲಯದಲ್ಲಿ, ಮೇಜಿನ ಮೇಲಿದ್ದ ತನ್ನ ಬಿಲ್ಲೆಯನ್ನು ನೋಡಿದ ಮೆಹಬೂಬನ ಮುಖ ಕೆಂಪಾಗಿತ್ತು.

“ನಾನ ರಿ,” ಎಂದಳು ಸಬೀರಾ.

ಅದು ಎಪ್ಪತ್ತೊಂಬತ್ತರ ಬೇಸಿಗೆ. ಮೆಹಬೂಬ ತೊರವಿಯವನು, ಪುಣೆಯ ಕಂಪನಿಯೊಂದಕ್ಕೆ ಈ ಸೀಮೆಯ ಪರೀಕ್ಷಕ. ಉಕ್ಕಿನೊಳಗೆ ಕಿವಿಗೆ ಕೇಳದ ಸದ್ದು ಕಳಿಸಿ, ತಿರುಗಿ ಬಂದ ಸದ್ದಿನಿಂದ ಒಳಗಿನ ಬಿರುಕು ಹುಡುಕುವುದು ಅವನ ಕೆಲಸ. ಆ ಸದ್ದು ಹುಟ್ಟಿಸುವುದು ಪಿಂಗಾಣಿಯಂಥ ಒಂದು ಬಿಲ್ಲೆ. ಅದನ್ನು ಸುಧಾರಿಸಲು ಪ್ರೊಫೆಸರ್ ಸದಾಶಿವರ ಹತ್ತಿರ ಬಿಟ್ಟುಹೋಗಿದ್ದ. ಅವರು ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ಬಂದ ಸಬೀರಾಳಿಗೆ ವಹಿಸಿದ್ದರು. ಅವಳು ಕಲ್ಲು ಕೊಯ್ಯುವ ಗರಗಸದಿಂದ ಅದನ್ನು ಸಣ್ಣ ಸಣ್ಣ ಕಂಬಗಳಾಗಿ ಸೀಳಿ, ನಡುವೆ ಅಂಟು ತುಂಬಿದ್ದಳು!

“ಇಡೀ ಬಿಲ್ಲೆ ಬಾಳೊತ್ತು ತಾನ ನಡಗತೈತ್ರಿ. ಆ ಗದ್ದಲದಾಗ ಮ್ಯಾಲಿನ ಪದರದ ಬಿರುಕಿಂದ ತಿರುಗಿ ಬಂದ ಸದ್ದು ಮುಚ್ಚಿಹೋಗತೈತಿ. ಹಿಂಗ ಮಾಡಿದ್ರ ಲಗೂನ ಸುಮ್ಮನಾಗತೈತಿ. ಮೊದ್ಲ ನೋಡ್ರಿ, ಆಮ್ಯಾಲ ಬೈರಿ.”

ಅವನು ಬಿಲ್ಲೆಯನ್ನು ಉಕ್ಕಿನ ತುಂಡೊಂದಕ್ಕೆ ಹಚ್ಚಿ ನೋಡಿದ. ಯಂತ್ರದ ಪರದೆಯ ಹಸಿರು ಗೆರೆಯಲ್ಲಿ, ಹಿಂದೆಂದೂ ಕಾಣದಿದ್ದ ಬಿರುಕಿನ ಮೊನೆಯೊಂದು ಎದ್ದು ನಿಂತಿತ್ತು.

ಬೈಯಲಿಲ್ಲ. ಮುಂದಿನ ವಾರವೂ ಬಂದ, ಅದರ ಮುಂದಿನ ವಾರವೂ ಬಂದ. ಕೆಲಸದ ಮಾತು ಮುಗಿದರೂ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಅವನು ಬಾರದ ವಾರ ಸಬೀರಾಳಿಗೆ ಪ್ರಯೋಗಾಲಯ ಖಾಲಿ ಎನಿಸುತ್ತಿತ್ತು. ಆದರೂ ಇಬ್ಬರಲ್ಲಿ ಯಾರೂ ಬಾಯಿ ಬಿಡಲಿಲ್ಲ...

ಅಷ್ಟರಲ್ಲಿ ಗಾಂಧಿ ಚೌಕದಲ್ಲಿ ಅರಿವೆ ಅಂಗಡಿ ಇಟ್ಟಿದ್ದ ಅವಳ ತಂದೆ ಅಬ್ದುಲಗನಿ ಮಾತು ಕೊಟ್ಟುಬಿಟ್ಟ. ಬಬಲೇಶ್ವರದ ಕಾಸಿಮಸಾಬ ಅವನ ಬಾಲ್ಯದ ಗೆಳೆಯ. ಆತನ ಮಗ ಸೈಫುದ್ದೀನನ ಜೊತೆ ಲಗ್ನ ನಿಶ್ಚಯವಾಯಿತು. ಆ ಮನೆಯ ಹೆಣ್ಣುಮಕ್ಕಳು ಹೊರಗೆ ದುಡಿಯುವುದಿಲ್ಲ ಎಂದರು. ಸಬೀರಾಳ ಕಾಲೇಜಿನ ಕೆಲಸ ನಿಂತಿತು.

ಜೋರಾಪುರ ಪೇಟೆಯ ತಂದೆಯ ಮನೆಯಲ್ಲಿ, ಕಾಲೇಜಿನ ಹೊತ್ತಾಗುತ್ತಲೇ ಅವಳ ಕಾಲು ತಾನಾಗಿ ಬಾಗಿಲ ತನಕ ಹೋಗಿ ನಿಲ್ಲುತ್ತಿತ್ತು. ಹೊರಗೆ ಟಾಂಗಾಗಳು, ಮಾರುವವರ ಕೂಗು, ನಗು. ಒಳಗೆ ಹೊಲಿಗೆ, ಒಲೆ, ಗೋಡೆ. ಉಸಿರು ಎಳೆದುಕೊಂಡರೂ ಎದೆ ತುಂಬುತ್ತಿರಲಿಲ್ಲ.

‘ಒಮ್ಮೆಯಾದರೂ ಬಂದು ಕೇಳಲಿಲ್ಲ. ಅವನಿಗೆ ಬೇಕಿದ್ದದ್ದು ಬಿಲ್ಲೆ, ನಾನಲ್ಲ...’

ಶೇಂಗಾ ಸುಗ್ಗಿ ಮುಗಿಯುತ್ತಿದ್ದಂತೆ ಕಾಸಿಮಸಾಬ ಒಂದು ಮುಂಜಾನೆ ಸಿಟ್ಟಿನಿಂದ ಬಂದ. ತಿಕೋಟಾದಲ್ಲಿದ್ದ ಅವನ ಎಣ್ಣೆ ಗಿರಣಿಯ ಬಾಯ್ಲರನ್ನು ಮೆಹಬೂಬ ಸಬೀರಾಳ ಬಿಲ್ಲೆಯಿಂದ ಪರೀಕ್ಷಿಸಿ, ಬೆಸುಗೆಯಲ್ಲಿ ಬಿರುಕಿದೆ, ಬೆಂಕಿ ಹಾಕಬೇಡಿ ಅಂದನಂತೆ. ಆ ಹುಡುಗನ ಕಣ್ಣು ಸಬೀರಾಳ ಮೇಲಿದೆ, ಸೇಡಿಗೆ ಸುಳ್ಳು ಹೇಳುತ್ತಿದ್ದಾನೆ ಎಂದು ಕಾಸಿಮಸಾಬ ಹಾರಾಡಿದ.

ಸಬೀರಾಳ ಕೈಯ ಹೊಲಿಗೆ ನಿಂತಿತು. ಅವನ ಕಣ್ಣು ನನ್ನ ಮೇಲೆಯೇ? ಹಾಗಾದರೆ ಸುಳ್ಳೂ ಇರಬಹುದೇ?

ಬಿಲ್ಲೆಯನ್ನು ನಂಬಬಹುದೇ ಎಂದು ತಂದೆ ಕೇಳಿದ. ಕಣ್ಣಾರೆ ನೋಡದೆ ಹೇಳಲಾರೆ ಎಂದಳು. ಅಬ್ದುಲಗನಿ ಮಗಳನ್ನೂ ಗೆಳೆಯನನ್ನೂ ಕರೆದುಕೊಂಡು ತಿಕೋಟಾದ ಬಸ್ಸು ಹತ್ತಿದ.

ಯಾರೂ ಕಟ್ಟಿಗೆ ಹಾಕದಂತೆ ಮೆಹಬೂಬ ಬಾಯ್ಲರಿನ ಒಲೆಗೆ ಅಡ್ಡ ನಿಂತಿದ್ದ. ಬಿಸಿಲಿಗೆ ಮುಖ ಬತ್ತಿತ್ತು.

“ಖರೇ ಹೇಳ್ರಿ. ಬಿರುಕು ಐತೇನ್ರಿ?” ಸಬೀರಾ ಕೇಳಿದಳು.

“ಐತಿ. ಆದ್ರ ನನ್ನ ಕಣ್ಣ ನಂಬಬ್ಯಾಡ್ರಿ.” ಅವನ ದನಿ ತಗ್ಗಿತು. “ಈ ಲಗ್ನ ಮುರೀಲಿ ಅಂತ ನನಗ ಆಸೆ ಐತಿ. ಅದಕ್ಕ ನೀವ ನೋಡ್ರಿ.”

ಎಲ್ಲರೆದುರೇ ಹೇಳಿಬಿಟ್ಟಿದ್ದ. ಸಬೀರಾ ಬೆಸುಗೆಗೆ ಗ್ರೀಸು ಸವರಿ, ಬಿಲ್ಲೆ ಕೂಡಿಸಿದ ಹಿಡಿಯನ್ನು ಮೆಲ್ಲಗೆ ಸರಿಸಿದಳು. ಪರದೆಯಲ್ಲಿ ಮೊನೆ ಎದ್ದಿತು. ಒರೆಸಿ ಮತ್ತೆ ನೋಡಿದಳು. ಅಲ್ಲೇ ಇತ್ತು. ಎದೆಯೊಳಗೆ ಉಕ್ಕಿದ ಸಂತೋಷಕ್ಕೆ ಅವಳೇ ಹೆದರಿದಳು.

“ಅಬ್ಬಾ,” ಎಂದು ತಂದೆಯ ಕಡೆ ತಿರುಗಿದಳು, “ಬಿರುಕು ಕಾಣಾಕತ್ತೈತಿ. ಆದ್ರ ನನಗೂ ಅದ ಆಸೆ ಐತಿ. ನನ್ನ ಕಣ್ಣೂ ನಂಬಬ್ಯಾಡ್ರಿ. ಇಲ್ಲಿ ಉಳಿ ಹಚ್ಚಿ ನೋಡ್ರಿ.”

ಕಾಸಿಮಸಾಬ ತಾನೇ ಉಳಿ ಹಿಡಿದ. ಮೇಲಿನ ಪದರ ಕೆತ್ತಿ, ಸೀಮೆಎಣ್ಣೆ ಸವರಿ ಒರೆಸಿ, ಸುಣ್ಣದ ಪುಡಿ ಹಚ್ಚಿದರು. ಬಿಳುಪಿನ ಮೇಲೆ ಕೂದಲೆಳೆಯಂಥ ಕಪ್ಪು ಗೆರೆ ಒಸರುತ್ತ ಒಸರುತ್ತ ಗೇಣುದ್ದವಾಯಿತು.

ಕಾಸಿಮಸಾಬ ಶೇಂಗಾ ಚೀಲದ ಮೇಲೆ ಕುಸಿದು ಕೂತ. ದಿನಾ ಆ ಬಾಯ್ಲರಿನ ಬದಿಗೇ ಅವನ ಮಗ ಸೈಫುದ್ದೀನ ಕೂರುತ್ತಿದ್ದ.

“ಅಬ್ದುಲಗನಿ,” ಎಂದ, “ನೀ ಕೊಟ್ಟ ಮಾತು ನಿನಗ ತಿರುಗಿ ಕೊಟ್ಟೆ. ಇಂಥಾ ಹುಡುಗೀನ್ನ ಮನ್ಯಾಗ ಕೂಡ್ರಿಸೋದು ತಪ್ಪಾಗತೈತಿ.”

ಅಬ್ದುಲಗನಿ ಗೆಳೆಯನ ಪಕ್ಕದಲ್ಲೇ ಕೂತು ಅವನ ಹೆಗಲ ಮೇಲೆ ಕೈ ಇಟ್ಟ. ಮಗಳ ಕಡೆ ನೋಡಿದ. ಕಣ್ಣು ತುಂಬಿದ್ದವು.

ಹೊರಗೆ ಬೇವಿನ ನೆರಳಲ್ಲಿ ಸಬೀರಾ, ಮೆಹಬೂಬ ಇಬ್ಬರೇ ಉಳಿದರು.

“ಮನಿಗೆ ಯಾಕ ಬರಲಿಲ್ರಿ?”

“ಬಂದಿದ್ದೆ. ನೀವು ಈ ಲಗ್ನಕ್ಕ ಒಪ್ಪೀರಿ ಅಂದ್ರು ನಿಮ್ಮ ಅಬ್ಬಾ. ತಿರುಗಿ ಹೋದೆ.”

“ನನ್ನ ಯಾರೂ ಕೇಳಿರಲಿಲ್ರಿ...” ಅವಳು ಅವನತ್ತ ತಿರುಗಿದಳು. “ನೀವೂ ಕೇಳಲಿಲ್ಲ.”

“ಈಗ ಕೇಳ್ತೇನಿ. ಸಬೀರಾ, ನನ್ನ ಜೋಡಿ ಇರ್ತೀಯೇನು?”

ಮೊದಲ ಸಲ ಅವನ ಬಾಯಲ್ಲಿ ಏಕವಚನ ಬಂದಿತ್ತು. ಅವಳಿಗೆ ಅದು ಹಿತವೆನಿಸಿತು.

“ಇರ್ತೇನಿ. ಆದ್ರ ಕೆಲಸಾ ಬಿಡಂಗಿಲ್ಲ.”

“ಬಿಡ್ತೇನಿ ಅಂದ್ರೂ ನಾ ಬಿಡಗೊಡಂಗಿಲ್ಲ,” ಎಂದ ಮೆಹಬೂಬ.