ನಾಲ್ಕನೆಯ ಟ್ರಾನ್ಸ್‌ಮಿಟರ್

2025ರ ಜೂನ್ 12, ಗುರುವಾರ, ಬೆಳಿಗ್ಗೆ ಹತ್ತೂಕಾಲು. ಶಿವಾಜಿನಗರದ ಆತಿಕಾ ದೊಡ್ಡನೆಕ್ಕುಂದಿ ಕಡೆಯ ಠಾಣೆಗೆ ಬಂದು ಇನ್ಸ್‌ಪೆಕ್ಟರ್ ಯಮುನಾ ಅವರ ಮೇಜಿನ ಮೇಲೆ ಒಂದು ಪತ್ರವಿಟ್ಟಳು. ಆಕೆಯ ಗಂಡ ಅಜ್ಮತ್, ರೇಡಿಯೋ ಕೇಂದ್ರಗಳಿಗೆ ಟ್ರಾನ್ಸ್‌ಮಿಟರ್ ತಯಾರಿಸುವ ಅಲ್ಲಿನ ಕಾರ್ಖಾನೆಯೊಂದರಲ್ಲಿ ಹದಿನೇಳು ವರ್ಷ ತಂತ್ರಜ್ಞನಾಗಿದ್ದ. ಮಾರ್ಚ್ 31ರಂದು, ರಂಜಾನ್ ಹಬ್ಬದ ದಿನ, ಪರೀಕ್ಷಾ ಕೊಠಡಿಯಲ್ಲಿ ವಿದ್ಯುತ್ ತಗುಲಿ ಸತ್ತಿದ್ದ. ಅಸಹಜ ಸಾವೆಂದು ಪ್ರಕರಣ ದಾಖಲಾಗಿತ್ತು.

ಕಂಪನಿಯ ಪತ್ರದಲ್ಲಿ ಎರಡೇ ಸಾಲು. ಸುರಕ್ಷತಾ ಸ್ವಿಚ್ಚಿಗೆ ಮೃತನೇ ತಂತಿ ಕಟ್ಟಿದ್ದಾನೆ. ಸ್ವಂತ ಅಜಾಗರೂಕತೆಯಾದ್ದರಿಂದ ಪರಿಹಾರಕ್ಕೆ ಅವಕಾಶವಿಲ್ಲ.

“ದುಡ್ಡು ಹೋಗ್ಲಿ ಮೇಡಂ. ಮಗಳು ಮಾಹಿರಾ ಇದನ್ನ ಓದ್ಬಿಟ್ಲು. ಅಬ್ಬಾ ತಪ್ಪು ಮಾಡಿ ಸತ್ರಾ ಅಂತ ಕೇಳ್ತಾಳೆ. ನಾನೇನು ಹೇಳ್ಲಿ?”

“ಹಬ್ಬದ ದಿನ ಕೆಲಸಕ್ಕೆ ಯಾಕೆ ಹೋದ್ರು?”

“ನಮಾಜಿಂದ ಬಂದು ಶೀರ್‌ಖುರ್ಮಾ ಬಟ್ಲು ಕೈಗೆ ತಗೊಂಡಿದ್ರು. ಕೆಂಪರಾಜ್ ಸಾರ್ ಫೋನ್ ಬಂತು. ಅರ್ಧ ಗಂಟೇಲಿ ಬರ್ತೀನಿ ಅಂತ ಹೊಸ ಬಟ್ಟೇಲೇ ಹೋದ್ರು.”

“ಹಿಂದಿನ ದಿನ ಭಾನುವಾರ?”

“ಕೊನೇ ರೋಜಾ. ಉಪವಾಸ ಇದ್ಕೊಂಡು ಮನೇಲೇ ಇದ್ರು.”

ಯಮುನಾ ಹಳೆಯ ಪಂಚನಾಮೆ ತರಿಸಿ ಓದಿದರು. ‘ಬಾಗಿಲ ಸ್ವಿಚ್ಚಿಗೆ ಸುತ್ತಿದ್ದ ನೀಲಿ-ಬಿಳಿ ಹೆಣೆದ ತಂತಿ, ಸುಮಾರು ನಾಲ್ಕು ಅಂಗುಲ. ಮೇಲೆ ಹಳದಿ ಕಲೆ.’ ಅದು ಎಂಥ ಕಲೆ ಎಂದು ಅಂದು ಯಾರೂ ಕೇಳಿರಲಿಲ್ಲ.

ಮಧ್ಯಾಹ್ನ ಮೂರಕ್ಕೆ ಅವರು ಹೆಡ್ ಕಾನ್‌ಸ್ಟೆಬಲ್ ಬೈಲಪ್ಪನೊಡನೆ ಕಾರ್ಖಾನೆಗೆ ಹೋದರು. ಪರೀಕ್ಷಾ ವಿಭಾಗದ ಮುಖ್ಯಸ್ಥ ಕೆಂಪರಾಜ್ ಜೊತೆಗೆ ಬಂದ. ಐವತ್ತನಾಲ್ಕರ ಪ್ರಾಯ, ಹಣೆಯಲ್ಲಿ ವಿಭೂತಿ. ಸೀಲು ಒಡೆದು ಕೊಠಡಿ ತೆರೆದರು. ಒಳಗೆ ಒಂದೇ ಟ್ರಾನ್ಸ್‌ಮಿಟರ್ ಇತ್ತು, ಬೀರುವಿನಷ್ಟು ಎತ್ತರ.

“ಇದರ ಬಾಗಿಲು ತೆಗೆದ್ರೆ ಕರೆಂಟ್ ತಾನಾಗೇ ಹೋಗುತ್ತೆ ಮೇಡಂ. ಸ್ವಿಚ್ಚಿಗೆ ತಂತಿ ಕಟ್ಟಿದ್ರೆ ಹೋಗಲ್ಲ.”

“ಮತ್ತೆ ಯಾಕೆ ಕಟ್ತಾರೆ?”

“ತೆಗೆದಿಟ್ಕೊಂಡೇ ಟ್ಯೂನ್ ಮಾಡಬಹುದು. ಒಂದು ದಿನದ ಕೆಲಸ ಎರಡು ಗಂಟೇಲಿ ಮುಗಿಯುತ್ತೆ.”

“ಅಷ್ಟು ಅವಸರ ಯಾರಿಗಿತ್ತು?”

ಬೈಲಪ್ಪ ಕೊಠಡಿಯ ಬಾಗಿಲ ಮೇಲೆ ನೋಡುತ್ತಿದ್ದ. ಮಾವಿನ ತೋರಣ ಒಣಗಿ ಸುರುಟಿತ್ತು.

“ಯುಗಾದಿದಾ ಸಾರ್? ದಾರ ಸಿಗ್ಲಿಲ್ವಾ, ತಂತೀಲಿ ಕಟ್ಟಿದ್ದೀರಿ?”

“ಸೀಲ್ ಹಾಕಿದೋರು ನೀವೇ. ತೆಗೆಯೋರು ಯಾರು?” ಎಂದ ಕೆಂಪರಾಜ್.

ತಂತಿ ನೀಲಿ-ಬಿಳಿಯದಾಗಿತ್ತು. ಪಂಚರ ಸಮಕ್ಷಮ ಅದನ್ನು ಬಿಚ್ಚಿ, ಸ್ವಿಚ್ಚಿನ ಹಳೆಯ ತುಂಡಿನೊಡನೆ ಪ್ರಯೋಗಾಲಯಕ್ಕೆ ಕಳಿಸಿದರು. ಗೇಟಿನ ರಿಜಿಸ್ಟರನ್ನೂ ವಶಕ್ಕೆ ಪಡೆದರು. ಮಾರ್ಚ್ 30, ಯುಗಾದಿ: ಕೆಂಪರಾಜ್ ಬೆಳಿಗ್ಗೆ 6.20ಕ್ಕೆ ಒಳಗೆ, ರಾತ್ರಿ 9.40ಕ್ಕೆ ಹೊರಗೆ. ಬೇರೆ ಯಾರೂ ಬಂದಿಲ್ಲ. ಮಾರ್ಚ್ 31: ಕೆಂಪರಾಜ್ 7.00, ಅಜ್ಮತ್ 11.25. ಸಾವು 11.40ಕ್ಕೆ.

“ಯುಗಾದಿ ಮಾರನೇ ದಿನ ವರ್ಷತೊಡಕಿನ ಬಾಡೂಟ ಬಿಟ್ಟು ಕೆಂಪರಾಜ್ ಡ್ಯೂಟಿಗೆ ಬಂದಿದಾನೆ ಅಂದ್ರೆ ಸಣ್ಣ ವಿಷಯ ಅಲ್ಲ ಮೇಡಂ,” ಎಂದ ಬೈಲಪ್ಪ. “ನಮ್ ಜೋಗುಪಾಳ್ಯದಲ್ಲಿ ಹೆಣ ಬಿದ್ರೂ ಊಟ ಮುಗಿಸ್ಕೊಂಡೇ ಬರ್ತಾರೆ.”

ಜುಲೈ 21ರಂದು ವರದಿ ಬಂತು. ಎರಡೂ ತುಂಡುಗಳ ಕತ್ತರಿಸಿದ ತುದಿಗಳು ಒಂದಕ್ಕೊಂದು ಹೊಂದುತ್ತಿದ್ದವು. ಕಲೆ ಅರಿಶಿಣದ್ದು. ಅದೇ ವಾರ ಕಂಪನಿಯ ವಾರ್ಷಿಕ ವರದಿಯೂ ಕೈಸೇರಿತ್ತು. ಎಂಟು ವರ್ಷಗಳಲ್ಲೇ ಅತ್ಯುತ್ತಮ ಸಾಧನೆ ಎಂದು ಅದರ ಮೊದಲ ಪುಟ ಹೇಳುತ್ತಿತ್ತು. ಮಾರ್ಚ್ ಕೊನೆಯಲ್ಲಿ ನಾಲ್ಕು ಟ್ರಾನ್ಸ್‌ಮಿಟರ್ ಮಾರಾಟ. ಬಿಲ್ಲುಗಳನ್ನು ತರಿಸಿ ನೋಡಿದರೆ, ನಾಲ್ಕನೆಯದರ ಬಿಲ್ಲು ಮಾರ್ಚ್ 31ರ ಸಂಜೆ 6.40ರದು. ಆ ಹೊತ್ತಿಗೆ ಅದು ಪೊಲೀಸ್ ಸೀಲಿನ ಹಿಂದೆ ನಿಂತಿತ್ತು.

ಮರುದಿನ ಹನ್ನೊಂದಕ್ಕೆ ಕೆಂಪರಾಜನನ್ನು ಠಾಣೆಗೆ ಕರೆಸಿದರು.

“ಯುಗಾದಿ ಪೂಜೆ ಯಾರು ಮಾಡಿದ್ದು?”

“ನಾನೇ.”

“ಆಮೇಲೆ ಕೈ ತೊಳ್ಕೊಂಡ್ರಾ?”

ಅವನು ತನ್ನ ಕೈಗಳನ್ನೇ ನೋಡಿಕೊಂಡ. ಯಮುನಾ ತಂತಿಯ ಎರಡು ತುಂಡುಗಳ ಫೋಟೋಗಳನ್ನು ಮುಂದಿಟ್ಟರು.

“ನಾಲ್ಕೂ ಆಗ್ದಿದ್ರೆ ವರ್ಷದ ಗುರಿ ತಪ್ತಿತ್ತು ಮೇಡಂ. ಈ ಫ್ಯಾಕ್ಟರಿ ಮುಚ್ತೀವಿ ಅಂದಿದ್ರು. ಎಂಬತ್ತಾರು ಜನ.”

“ತಂತಿ ಕಟ್ಟಿದೆ ಅಂತ ಅಜ್ಮತ್‌ಗೆ ಹೇಳಿದ್ರಾ?”

“ಹೇಳೋಕೆ ಬಾಯಿ ತೆಗೆದೆ. ಹೆಡ್ ಆಫೀಸಿಂದ ಫೋನ್ ಬಂತು, ನಾಲ್ಕೂ ಆಯ್ತಾ ಅಂತ. ಮಾತಾಡ್ತಾ ಆಚೆ ಹೋದೆ.”

“ಅವನೇ ಕಟ್ಟಿದ ಅಂತ ಯಾಕೆ ಬರೆದುಕೊಟ್ರಿ?”

“ಸತ್ತೋನಿಗೆ ಇನ್ನು ಕೆಲಸ ಹೋಗೋದಿಲ್ವಲ್ಲ ಅಂದ್ಕೊಂಡೆ.”

ಎಫ್‌ಐಆರ್ ದಾಖಲಾಯಿತು. 12.30ಕ್ಕೆ ಬಂಧನ. ಆಡಳಿತದವರಿಗೂ ನೋಟಿಸು ಹೋಯಿತು.

ಕಾರ್ಖಾನೆ ನಿಂತಿರುವ ನೆಲ ಒಂದು ಕಾಲಕ್ಕೆ ಕೆಂಪರಾಜನ ತಂದೆಯ ರಾಗಿಹೊಲ. ಮನೆಗೊಂದು ಕೆಲಸವೆಂಬ ಮಾತಿನ ಮೇಲೆ ಮುದುಕ ಅದನ್ನು ಬಿಟ್ಟುಕೊಟ್ಟಿದ್ದ. ಪ್ರತಿ ಯುಗಾದಿಗೆ ಮಗ ಮನೆಗಿಂತ ಮೊದಲು ಅಲ್ಲಿ ತೋರಣ ಕಟ್ಟುತ್ತಿದ್ದ. ಈ ಸಲವೂ ಆ ನೆಲ ಉಳಿಯಲೆಂದು ದೇವರಿಗೆ ಕೈಮುಗಿದ. ಅದೇ ಕೈಯಿಂದ ತಂತಿ ಸುತ್ತಿದ.

ಸಂಜೆ ಆತಿಕಾ ಮಗಳೊಡನೆ ಬಂದಳು. ಯಮುನಾ ಎಫ್‌ಐಆರ್ ಪ್ರತಿಯಲ್ಲಿ ಒಂದು ಸಾಲಿನ ಕೆಳಗೆ ಬೆರಳಿಟ್ಟರು. ಮಾಹಿರಾ ಗಟ್ಟಿಯಾಗಿ ಓದಿದಳು: “ಸದರಿ ತಂತಿಯನ್ನು ಮೃತರು ಕಟ್ಟಿರುವುದಿಲ್ಲ.”

“ಇನ್ನೊಂದ್ಸಲ ಓದು ಬೇಟಿ,” ಎಂದಳು ಆತಿಕಾ.